ಕಾಳು ನಮ್ಮ ಮನೆಗೆ ಬಂದ ಮೇಲೆ

"ಕುಟುಂಬದಲ್ಲಿ ಸಾಕುಪ್ರಾಣಿಗಳ ಪಾತ್ರ" ಎಂಬ ವಿಷಯ ಕೊಟ್ಟಿದ್ದಾರೆ. ನಾನು ಓದಿದ್ದು ಎಂ.ಟೆಕ್., ಕೆಲಸ ಕಂಪ್ಯೂಟರ್ ಮುಂದೆ. ಪ್ರಾಣಿಗಳ ಬಗ್ಗೆ ಮಾತನಾಡಲು ನನಗಿರುವ ಅರ್ಹತೆ ಒಂದೇ: ನಮ್ಮ ಮನೆಯಲ್ಲಿ ಕಾಳು ಇದ್ದಾನೆ.

2020ರಲ್ಲಿ ಲಾಕ್‌ಡೌನ್ ಆಗಿ ಎಲ್ಲರೂ ಮನೆಯಲ್ಲೇ ಇದ್ದಾಗ, ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಒಂದು ಕಪ್ಪು ಬೀದಿನಾಯಿ ಮರಿ ಸಿಕ್ಕಿತು. ಮಗನಿಗೆ ಆಗ ಐದು ವರ್ಷ. ಹಟ ಮಾಡಿ ಮೇಲೆ ತಂದ. ಸೊಸೈಟಿಯ ಮಕ್ಕಳು 'ಕಾಳು' ಎಂದು ಕರೆದರು. ಗುಜರಾತಿಯಲ್ಲಿ ಕಾಳು ಎಂದರೆ ಕರಿಯ.

2022ರಲ್ಲಿ ಆಫೀಸ್ ಶುರುವಾಯಿತು. ಕಾಳು ದಿನಕ್ಕೆ ಒಂಬತ್ತು ಗಂಟೆ ಒಬ್ಬನೇ. ಬೊಗಳುತ್ತಾನೆ, ಅಳುತ್ತಾನೆ ಎಂದು ಪಕ್ಕದ ಮನೆಯವರ ದೂರು. ಅವರದ್ದು ತಪ್ಪಲ್ಲ. ಯಾರಿಗಾದರೂ ಕೊಟ್ಟುಬಿಡೋಣ ಎಂದು ನಾನೇ ತೀರ್ಮಾನಿಸಿದೆ. ಮಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಈ ಮಾತನ್ನು ಇಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳಬೇಕು.

ಅದೇ ಸಮಯಕ್ಕೆ ಮಾವನವರು ತೀರಿಕೊಂಡರು. ಅತ್ತೆಯನ್ನು ದಾವಣಗೆರೆಯಿಂದ ಅಹಮದಾಬಾದ್‌ಗೆ ಕರೆತಂದೆವು. ಅವರು ಬಂದ ದಿನವೇ, "ಕಾಳು-ಬೇಳೆ ಅಂತ ನಾಯಿಗೆ ಹೆಸರಿಡ್ತಾರೇನಮ್ಮ? ನಾಯಿ ಅಂಗಳದಲ್ಲಿ ಇರಬೇಕು" ಎಂದರು. "ಹತ್ತು ದಿನ ತಡೀರಿ ಅತ್ತೆ, ಕೊಟ್ಟುಬಿಡ್ತೀವಿ" ಎಂದೆ.

ಒಂದು ವಾರ ಕಳೆದಿರಬೇಕು. ಬೇಗ ಮನೆಗೆ ಬಂದೆ. ಅತ್ತೆ ಬಾಲ್ಕನಿಯಲ್ಲಿ ಕೂತು ಯಾರೊಂದಿಗೋ ಮಾತನಾಡುತ್ತಿದ್ದರು. ಫೋನ್ ಅಂದುಕೊಂಡೆ. ನೋಡಿದರೆ ಕಾಳು ಅವರ ಕಾಲ ಬಳಿ ಮಲಗಿದ್ದಾನೆ, ಅತ್ತೆ ಅವನಿಗೆ ಮಾವನವರ ಆಸ್ಪತ್ರೆಯ ಕೊನೆಯ ದಿನಗಳನ್ನು ಹೇಳುತ್ತಿದ್ದಾರೆ. ನಮ್ಮ ಹತ್ತಿರ ಒಂದು ಮಾತೂ ಆಡಿರಲಿಲ್ಲ. ನನ್ನನ್ನು ನೋಡಿ, "ನೀವೆಲ್ಲ ಹೋದ ಮೇಲೆ ಈ ಮನೇಲಿ ಕನ್ನಡ ಕೇಳೋದು ಇವನೊಬ್ಬನೇ ಕಣಮ್ಮ" ಎಂದರು. ಕಾಳುವನ್ನು ಕೊಡುವ ಮಾತು ಅಲ್ಲಿಗೆ ಮುಗಿಯಿತು. ಅಡುಗೆಮನೆ ಹೊಸ್ತಿಲು ದಾಟಬಾರದು ಎಂಬ ಅತ್ತೆಯ ನಿಯಮ ಮಾತ್ರ ಇಂದಿಗೂ ಇದೆ, ಅವನೂ ಪಾಲಿಸುತ್ತಾನೆ.

ಸಂಜೆ ಕಾಳುವಿನ ಜೊತೆ ಅತ್ತೆ ಕೆಳಗೆ ಇಳಿಯತೊಡಗಿದರು. ಸೊಸೈಟಿಯ ಹಿರಿಯರು "ಕೇಮ್ ಛೋ ಬಾ?" ಎಂದು ಮಾತಿಗೆ ಬಂದರು. ನಾನು ವರ್ಷಗಳಲ್ಲಿ ಕಲಿಯದ ಗುಜರಾತಿಯನ್ನು ಅತ್ತೆ ಕೆಲವೇ ತಿಂಗಳಲ್ಲಿ ಕಲಿತರು. ಇಲ್ಲಿನ ಮನೆಗಳಲ್ಲಿ ಮೊದಲ ರೊಟ್ಟಿ ಹಸುವಿಗೆ, ಕೊನೆಯ ರೊಟ್ಟಿ ನಾಯಿಗೆ ಎಂಬ ಪದ್ಧತಿ ಇದೆ. ಅದನ್ನು ಕೇಳಿ ಅತ್ತೆ, "ನಮ್ಮಲ್ಲೂ ಗೋಗ್ರಾಸ ಇಡ್ತೀವಿ, ಕಾಗೆಗೆ ಅನ್ನ ಇಡ್ತೀವಿ" ಎಂದು ಅವರಿಗೆ ವಿವರಿಸಿದರು. ಹಳೆ ಅಹಮದಾಬಾದ್‌ನ ಪೋಳಗಳಲ್ಲಿ ಹಕ್ಕಿಗಳಿಗೆ ಕಾಳು ಹಾಕಲು ಕಟ್ಟಿದ ಚಬೂತರೋಗಳನ್ನು ನೀವು ನೋಡಿರಬಹುದು. ಇಂಥ ಊರಿಗೆ ನಾವು ಬಂದು ಸೇರಿದ್ದೇವೆ.

ನಮ್ಮ ನಾಡಿನಲ್ಲೂ ಇದರ ಬೇರು ಆಳವಾಗಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ವೀರಗಲ್ಲು ಸಿಕ್ಕಿದೆ. ಗಂಗ ದೊರೆ ಬೂತುಗ, ತಕ್ಕೋಲಂ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಏನು ಬೇಕೋ ಕೇಳು ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕಾಗಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇದನ್ನು ಹೇಳಿದ ಮೇಲೆ ಅತ್ತೆಗೆ ಕಾಳು ಎಂಬ ಹೆಸರಿನ ಬಗ್ಗೆ ತಕರಾರಿಲ್ಲ.

ಆದರೆ ಪ್ರೀತಿಯ ಮಾತಷ್ಟೇ ಹೇಳಿ ಕೂತರೆ ತಪ್ಪಾಗುತ್ತದೆ. 2025ರ ಮೇ ತಿಂಗಳಲ್ಲಿ ನಮ್ಮ ಅಹಮದಾಬಾದ್‌ನ ಹಾಥೀಜಣ್‌ನಲ್ಲಿ ಸಾಕಿದ ರಾಟ್‌ವೈಲರ್ ನಾಯಿಯ ದಾಳಿಗೆ ನಾಲ್ಕು ತಿಂಗಳ ಹಸುಗೂಸು ಬಲಿಯಾಯಿತು. ನಾಯಿ ನಮ್ಮದು, ಹೊಣೆಯೂ ನಮ್ಮದೇ. ಅಹಮದಾಬಾದ್ ಮಹಾನಗರಪಾಲಿಕೆ 2025ರ ಜನವರಿಯಿಂದ ಸಾಕುನಾಯಿಗಳ ನೋಂದಣಿ ಆರಂಭಿಸಿದೆ, ಮಾಡಿಸಿ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಮತ್ತೆ ಲಸಿಕೆ. ಹೊರಗೆ ಹೋದಾಗ ಹಗ್ಗ ಕೈಯಲ್ಲೇ ಇರಲಿ. ಯಾವ ನಾಯಿ ಕಚ್ಚಿದರೂ ಅರಿಶಿನ, ಖಾರದಪುಡಿ ಹಚ್ಚಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಇನ್ನೊಂದು, ನಾಯಿಗೆ ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ವಿಷ. ನಮ್ಮ ಈರುಳ್ಳಿ ಹುಳಿ ಎಷ್ಟೇ ರುಚಿಯಾಗಿದ್ದರೂ ಅದಕ್ಕೆ ಹಾಕಬೇಡಿ.

ಮನೆಯಲ್ಲಿ ಸಾಕಲು ಆಗದವರೂ ಮಾಡಬಹುದಾದ ಕೆಲಸಗಳಿವೆ. ಬೇಸಿಗೆಯಲ್ಲಿ ಬಾಲ್ಕನಿಯಲ್ಲಿ ಒಂದು ಮಣ್ಣಿನ ಬಟ್ಟಲು ನೀರು ಇಡಿ. ಉತ್ತರಾಯಣದಲ್ಲಿ ಗಾಜುಪುಡಿ ಹಚ್ಚಿದ ದಾರ ಮಕ್ಕಳ ಕೈಗೆ ಕೊಡಬೇಡಿ. ಬೆಳಿಗ್ಗೆ ಗೂಡು ಬಿಡುವ, ಸಂಜೆ ಮರಳುವ ಹೊತ್ತಿನಲ್ಲಿ ಗಾಳಿಪಟ ಬೇಡ. ಗಾಯಗೊಂಡ ಪ್ರಾಣಿ, ಪಕ್ಷಿ ಕಂಡರೆ 1962ಕ್ಕೆ ಕರೆ ಮಾಡಿ, ಕರುಣಾ ಆಂಬುಲೆನ್ಸ್ ಬರುತ್ತದೆ. ವಡೋದರದ ಸಹೋದರಿಯರಿಗೆ ಈ ಪಾಠ ನಾನು ಹೇಳಬೇಕಿಲ್ಲ. 2024ರ ಆಗಸ್ಟ್ ಪ್ರವಾಹದಲ್ಲಿ ವಿಶ್ವಾಮಿತ್ರಿ ನದಿಯ ಮೊಸಳೆಗಳು ಬಡಾವಣೆಗಳಿಗೇ ಬಂದಿದ್ದವು. ಸೂರತ್‌ನವರು 1994ರ ಪ್ಲೇಗ್ ಮರೆತಿಲ್ಲ. ಎಲ್ಲ ಪ್ರಾಣಿಯೂ ಮನೆಯೊಳಗೆ ಇರತಕ್ಕದ್ದಲ್ಲ. ಯಾವುದನ್ನು ಹತ್ತಿರ ಕರೆಯಬೇಕು, ಯಾವುದನ್ನು ಅದರ ಜಾಗದಲ್ಲಿ ಬಿಡಬೇಕು, ಬೀದಿಯನ್ನು ಎಷ್ಟು ಶುಚಿಯಾಗಿಡಬೇಕು ಎಂಬುದೂ ಪ್ರಾಣಿಗಳೊಡನೆ ಬಾಳುವ ಪಾಠವೇ.

ಕೊನೆಯದಾಗಿ ಒಂದು ಮಾತು. ಮಕ್ಕಳು ಕೇಳಿದರು ಎಂದು ಹುಟ್ಟುಹಬ್ಬಕ್ಕೆ ಮರಿ ತರಬೇಡಿ. ಹತ್ತು-ಹದಿನೈದು ವರ್ಷ ಬೆಳಗಿನ ವಾಕಿಂಗ್ ಯಾರದ್ದು, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ, ಕಾಯಿಲೆ ಬಿದ್ದರೆ ಖರ್ಚು ಎಲ್ಲಿಂದ ಎಂದು ಮನೆಮಂದಿ ಕೂತು ಮಾತನಾಡಿ. ನಾವು ಮಾತನಾಡಿರಲಿಲ್ಲ. ನಮ್ಮ ತಪ್ಪನ್ನು ತಿದ್ದಿದವರು ಅತ್ತೆ. ಅತ್ತೆಯ ದುಃಖ ಕೇಳಿಸಿಕೊಂಡವನು ಕಾಳು. ಇವತ್ತು ನಾನು ಇಲ್ಲಿ ನಿಮ್ಮೆದುರು ನಿಂತಿರುವಾಗ ಮನೆಯಲ್ಲಿ ಅವರಿಬ್ಬರೂ ಬಾಗಿಲ ಬಳಿ ಕಾಯುತ್ತಿರುತ್ತಾರೆ. ಹಾಗಾಗಿ ಮಾತು ಮುಗಿಸುತ್ತೇನೆ.