ನೋಟಕರು ರಂಗವನ್ನೇರಿದಾಗ

ನಾಟಕವನ್ನು ನೋಡುವವರಿಗೆ ಅದನ್ನು ತಡೆಯುವ ಅಧಿಕಾರವುಂಟೆ? ನಮ್ಮ ಕಂಪೆನಿ ನಾಟಕಗಳ ಪ್ರೇಕ್ಷಕರಿಗೆ ಅದು ಸ್ವಲ್ಪಮಟ್ಟಿಗೆ ಇದ್ದೇ ಇತ್ತು. ಅವರು ‘ವನ್ಸ್ ಮೋರ್’ ಎಂದು ಕೂಗಿದರೆ ಸತ್ತುಬಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡಬೇಕಾಗುತ್ತಿತ್ತು. ಆದರೆ ಕಥೆಯನ್ನು ತಿದ್ದುವ ಅಧಿಕಾರ ಅವರಿಗಿರಲಿಲ್ಲ.

ಅದನ್ನು ಕೊಟ್ಟವರು ಬ್ರೆಜಿಲ್ ದೇಶದ ಅಗಸ್ಟೊ ಬೋಲ್. 1973ರಲ್ಲಿ ಅವರು ಪೆರು ದೇಶದ ಸಾಕ್ಷರತಾ ಕಾರ್ಯದಲ್ಲಿದ್ದಾಗ, ತನ್ನ ಸಲಹೆಯನ್ನು ನಟರು ಎಷ್ಟು ಬಾರಿ ಆಡಿ ತೋರಿಸಿದರೂ ಒಬ್ಬ ಹೆಂಗಸಿಗೆ ತೃಪ್ತಿಯಾಗಲಿಲ್ಲವಂತೆ. ಕಡೆಗೆ ಅವಳನ್ನೇ ರಂಗಕ್ಕೆ ಕರೆದರು. ಅಲ್ಲಿಂದ ಬೆಳೆದ ಪದ್ಧತಿಯಲ್ಲಿ ನಾಟಕವನ್ನು ಒಮ್ಮೆ ದುಃಖಾಂತವಾಗಿ ಆಡಿ, ಪುನಃ ಆರಂಭಿಸುತ್ತಾರೆ. ಪ್ರೇಕ್ಷಕರಲ್ಲಿ ಯಾರಾದರೂ ‘ನಿಲ್ಲಿಸಿ’ ಎಂದು ಹೇಳಿ, ನೊಂದ ಪಾತ್ರವನ್ನು ತಾವೇ ವಹಿಸಬಹುದು. ನಮ್ಮ ಸೂತ್ರಧಾರನಂಥವನೊಬ್ಬನು ಎರಡು ಕಡೆಯವರಿಗೂ ಸೇತುವೆಯಾಗಿರುತ್ತಾನೆ.

ಆರೋಗ್ಯರಕ್ಷಣೆಯಲ್ಲಿ ಪಾಲ್ಗೊಳ್ಳುವುದು ಜನರ ಹಕ್ಕೂ ಕರ್ತವ್ಯವೂ ಹೌದೆಂದು 1978ರ ಆಲ್ಮಾ-ಆಟಾ ಘೋಷಣೆಯು ಸಾರಿತು. ಸಾರುವುದೇನೋ ಸುಲಭ.

ವಿದ್ಯಾರ್ಥಿಗಳೊಡನೆ ನಾವೊಂದು ಹಳ್ಳಿಯಲ್ಲಿ ರಕ್ತಹೀನತೆಯನ್ನು ಕುರಿತು ನಾಟಕವಾಡಿಸಿದೆವು. ಗರ್ಭಿಣಿಯು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಕಬ್ಬಿಣಾಂಶದ ಮಾತ್ರೆಯನ್ನು ಸೇವಿಸಬೇಕೆಂದು ವೈದ್ಯನ ವೇಷದವನು ಸೊಗಸಾಗಿ ಉಪದೇಶಿಸಿದನು. ಚಪ್ಪಾಳೆಯೂ ಆಯಿತು. ಉಪನ್ಯಾಸಕರಿಗೆ ಚಪ್ಪಾಳೆಯೆಂದರೆ ಪ್ರಮಾಣಪತ್ರವಿದ್ದಂತೆ. ಗೆದ್ದೆವೆಂದೇ ನಾವು ತಿಳಿದೆವು.

ಮರುವರ್ಷ ಅದೇ ಹಳ್ಳಿಯಲ್ಲಿ ಕಥೆಯನ್ನು ನಡುವೆ ನಿಲ್ಲಿಸಿ, ಸೊಸೆಯ ಪಾತ್ರಕ್ಕೆ ಯಾರಾದರೂ ಬರಬಹುದೆಂದೆವು. ಬಹಳ ಹೊತ್ತು ಒಬ್ಬರೂ ಏಳಲಿಲ್ಲ. ಆಮೇಲೆ ಬಂದ ಹೆಂಗಸೊಬ್ಬಳು ನಮ್ಮ ವೈದ್ಯನನ್ನು ಕೇಳಿದಳು: “ಮಾತ್ರೆ ನುಂಗಿದರೆ ಹೊಟ್ಟೆ ತೊಳಸ್ತದೆ, ಮಲ ಕಪ್ಪಾಗ್ತದೆ. ಮಗು ದಪ್ಪ ಬೆಳೆದು ಹೆರಿಗೆ ಕಷ್ಟವಾಗ್ತದೆ ಅಂತಾರೆ ಅತ್ತೆ. ಅವರಿಗೆ ಏನು ಹೇಳಲಿ, ಸ್ವಾಮಿ?”

ನಾವು ಬರೆದುಕೊಟ್ಟಿದ್ದ ಮಾತಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಹುಡುಗನು ನಮ್ಮ ಮುಖ ನೋಡಿದನು. ನಾವು ನೆಲ ನೋಡಿದೆವು. ಜನರ ನಡುವೆ ಕುಳಿತಿದ್ದ ಆರೋಗ್ಯಕೇಂದ್ರದ ದಾದಿ ಎದ್ದು ಬಂದರು. ಮಲ ಕಪ್ಪಾಗುವುದಕ್ಕೆ ಹೆದರಬೇಕಾಗಿಲ್ಲ, ರಾತ್ರಿ ಊಟವಾದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದು ಕಡಮೆಯಾದೀತು, ಕಾಫಿ ಟೀಗಳೊಡನೆ ಮಾತ್ರ ಕೂಡದು, ಮಗು ದಪ್ಪನಾಗುವುದಕ್ಕಿಂತ ರಕ್ತವಿಲ್ಲದ ತಾಯಿಗೆ ಹೆರಿಗೆಯಲ್ಲಿ ರಕ್ತ ಹೋಗುವುದೇ ದೊಡ್ಡ ಅಪಾಯ ಎಂದು ವಿವರಿಸಿದರು. “ಎಲ್ಲ ಸರಿ, ಹೋದ ಸಲ ಮಾತ್ರೆಯೇ ಬಂದಿರಲಿಲ್ಲವಲ್ಲ?” ಎಂದಿತು ಹಿಂದಿನಿಂದ ಒಂದು ಧ್ವನಿ. ಬಂದಿರಲಿಲ್ಲವೆಂದು ಅವರು ಒಪ್ಪಿಕೊಂಡರು.

ಅಷ್ಟರಲ್ಲಿ ಮುದುಕಿಯೊಬ್ಬಳು ಮುಂದೆ ಬಂದು, ಅತ್ತೆಯ ಪಾತ್ರ ತನಗೆ ಬೇಕೆಂದಳು.