ಮಾತು ಕಟ್ಟುವ ಹವ್ಯಾಸ

ಬಿಡುವಿನ ವೇಳೆಯನ್ನು ಕಳೆಯುವ ಬಗೆ ಒಬ್ಬೊಬ್ಬರದು ಒಂದೊಂದು. ಒಬ್ಬರು ಅಂಚೆಚೀಟಿ ಕೂಡಿಸುತ್ತಾರೆ. ಒಬ್ಬರು ಹಿತ್ತಲಲ್ಲಿ ಗುಲಾಬಿ ಬೆಳೆಸುತ್ತಾರೆ. ಮತ್ತೊಬ್ಬರು ಚದುರಂಗದ ಮಣೆಯ ಮುಂದೆ ಕುಳಿತು ಊಟವನ್ನೇ ಮರೆಯುತ್ತಾರೆ. ಇವರನ್ನು ಯಾರೂ ವಿಚಿತ್ರ ಮನುಷ್ಯರೆನ್ನುವುದಿಲ್ಲ. ಆದರೆ ಒಬ್ಬಾತನು ಪರೀಕ್ಷೆಗೂ ಅಲ್ಲದೆ, ನೌಕರಿಗೂ ಅಲ್ಲದೆ, ಗ್ರೀಕ್ ಭಾಷೆಯ ಕ್ರಿಯಾಪದಗಳನ್ನು ಬಾಯಿಪಾಠ ಮಾಡುತ್ತಿದ್ದರೆ ಮನೆಯವರು "ಇದರಿಂದ ಬರೋದೇನು?" ಎಂದು ಕೇಳದೆ ಬಿಡುವುದಿಲ್ಲ. ಇನ್ನು ಯಾರೂ ಆಡದ ಭಾಷೆಯೊಂದನ್ನು ತಾನೇ ಹೊಸದಾಗಿ ಕಟ್ಟಿ, ಅದಕ್ಕೆ ವಿಭಕ್ತಿ ಪ್ರತ್ಯಯಗಳನ್ನು ಜೋಡಿಸುತ್ತ ಕುಳಿತವನ ಪಾಡನ್ನಂತೂ ಹೇಳುವುದೇ ಬೇಡ. ಈ ಎರಡು ಹವ್ಯಾಸಗಳ ಪರವಾಗಿ ನಾಲ್ಕು ಮಾತು ಆಡಬೇಕೆಂದು ನನ್ನ ಇಂದಿನ ಉದ್ದೇಶ.

ನಮ್ಮ ಹಿರಿಯರು ಇವನ್ನು ಹುಚ್ಚೆಂದು ತಿಳಿದಿರಲಿಲ್ಲ. ವಾತ್ಸ್ಯಾಯನನು ಎಣಿಸಿದ 64 ಕಲೆಗಳಲ್ಲಿ ಹಾಡುವುದು, ಹೂ ಕಟ್ಟುವುದು, ಅಡಿಗೆ ಮಾಡುವುದು ಇವುಗಳ ಸಾಲಿನಲ್ಲಿಯೇ 'ದೇಶಭಾಷಾವಿಜ್ಞಾನ', 'ಮ್ಲೇಚ್ಛಿತವಿಕಲ್ಪ' ಎಂಬ ಎರಡು ಕಲೆಗಳು ಬರುತ್ತವೆ. ಮೊದಲನೆಯದು ಬೇರೆ ಬೇರೆ ನಾಡುಗಳ ಮಾತನ್ನು ಅರಿಯುವ ಜಾಣ್ಮೆ. ಎರಡನೆಯದು, ತಿಳಿದ ಮಾತನ್ನೇ ಅನ್ಯರಿಗೆ ತಿಳಿಯದಂತೆ ಮಾರ್ಪಡಿಸುವ ಜಾಣ್ಮೆ. ಜಯಮಂಗಲಾ ವ್ಯಾಖ್ಯಾನವನ್ನು ಬರೆದ ಯಶೋಧರನು ಇದರ ಕ್ರಮಗಳನ್ನೂ ವಿವರಿಸಿದ್ದಾನೆ. ಮೂಲದೇವೀಯವೆಂಬ ಕ್ರಮದಲ್ಲಿ ಅಕ್ಷರಗಳನ್ನು ಜೋಡಿ ಜೋಡಿಯಾಗಿ ಅದಲುಬದಲು ಮಾಡುತ್ತಾರೆ: ತಕಾರವಿದ್ದಲ್ಲಿ ಪಕಾರ, ನಕಾರವಿದ್ದಲ್ಲಿ ಮಕಾರ, ಯಕಾರವಿದ್ದಲ್ಲಿ ಶಕಾರ. ಈ ಲೆಕ್ಕದಲ್ಲಿ ನಮ್ಮ 'ತಾಯಿ' 'ಪಾಶಿ'ಯಾಗುತ್ತಾಳೆ.

ಯಶೋಧರನ ಹೆಸರನ್ನೇ ಕೇಳದ ನಮ್ಮ ಹುಡುಗರೂ ಈ ಕಲೆಯನ್ನು ಬಲ್ಲರು. ಪ್ರತಿ ಅಕ್ಷರಕ್ಕೂ ಮೊದಲು 'ಕ' ಸೇರಿಸಿ ಆಡುವ 'ಕ' ಭಾಷೆ ಯಾವ ಊರಿನ ಓಣಿಯಲ್ಲಿಲ್ಲ? 'ನೀನು ಬಾ' ಎಂಬುದು 'ಕನೀಕನು ಕಬಾ' ಎಂದಾಗುತ್ತದೆ. ಹಿರಿಯರೂ ಹಿಂದೆ ಬಿದ್ದಿಲ್ಲ. ದನದ ಸಂತೆಯಲ್ಲಿ ದಲ್ಲಾಳಿಯೂ ಗಿರಾಕಿಯೂ ಹೆಗಲ ಮೇಲಿನ ವಲ್ಲಿಯ ಕೆಳಗೆ ಕೈ ಹಿಡಿದು, ತುಟಿ ಬಿಚ್ಚದೆ, ಬೆರಳುಗಳಿಂದಲೇ ಬೆಲೆ ಮಾತಾಡುವುದನ್ನು ಕಂಡವರು ಬಹಳ ಮಂದಿ. ಅದೂ ಒಂದು ಭಾಷೆಯೇ. ಸುತ್ತ ನಿಂತವರಿಗೆ ಅದು ತಿಳಿಯಬಾರದು, ಅಷ್ಟೆ.

ಇಂತಹ ಹುಡುಗಾಟವನ್ನೇ ಜೀವಮಾನದ ಸಾಧನೆಯಾಗಿ ಮಾಡಿಕೊಂಡವರೂ ಉಂಟು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿದ್ದ ಟೋಲ್ಕೀನರು ಚಿಕ್ಕಂದಿನಲ್ಲಿ ಬಂಧುಗಳ ಮಕ್ಕಳೊಡನೆ ಇಂತಹ ಆಟದ ಭಾಷೆಯನ್ನಾಡಿದವರು. ದೊಡ್ಡವರಾದ ಮೇಲೂ ಆ ಆಟ ಬಿಡಲಿಲ್ಲ. ಫಿನ್ನಿಷ್ ಭಾಷೆಯ ವ್ಯಾಕರಣವನ್ನು ಓದಿ ಅದರ ಇಂಪಿಗೆ ಮಾರುಹೋಗಿ, ಅದರ ಧಾಟಿಯಲ್ಲಿ ಕ್ವೆನ್ಯಾ ಎಂಬ ಹೊಸ ಭಾಷೆಯನ್ನು ಕಟ್ಟಿದರು. 1931ರಲ್ಲಿ ಈ ಹವ್ಯಾಸವನ್ನು ಕುರಿತು ಅವರು ಮಾಡಿದ ಭಾಷಣದ ಹೆಸರು 'ಗುಟ್ಟಿನ ದುಶ್ಚಟ' ಎಂಬರ್ಥದ್ದು. ದೊಡ್ಡ ವಿದ್ವಾಂಸರಿಗೂ ಇದನ್ನು ಹೇಳಿಕೊಳ್ಳಲು ಅಷ್ಟು ಸಂಕೋಚ! ತಾವು ಕಟ್ಟಿದ ಭಾಷೆಗಳನ್ನಾಡಲು ಜನ ಬೇಕು, ಜನಕ್ಕೊಂದು ನಾಡು ಬೇಕು, ನಾಡಿಗೊಂದು ಇತಿಹಾಸ ಬೇಕು. ಹೀಗೆ ಬೆಳೆದ ಕಥೆ 1954-55ರಲ್ಲಿ ಮೂರು ಸಂಪುಟಗಳಾಗಿ ಹೊರಬಂದು ಜಗತ್ತನ್ನೇ ಸುತ್ತಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಧಾತುಪಾಠವು ಮ್ಲೇಚ್ಛ ಧಾತುವಿಗೆ 'ಅಸ್ಪಷ್ಟವಾಗಿ ಸದ್ದು ಮಾಡುವುದು' ಎಂದು ಅರ್ಥ ಹೇಳುತ್ತದೆ. ಗ್ರೀಕರು ಪರಭಾಷೆಯವರನ್ನು ಬಾರ್ಬರರೆಂದರು. ಆ ಜನ ಬರೀ 'ಬರ್ ಬರ್' ಎನ್ನುತ್ತಾರೆಂಬುದೇ ಆ ಶಬ್ದದ ಮೂಲ. ಎರಡು ನಾಡುಗಳಲ್ಲಿಯೂ ಒಂದೇ ಅಹಂಕಾರ. ನನಗೆ ತಿಳಿಯದಿದ್ದರೆ ಅದು ಮಾತೇ ಅಲ್ಲ, ಬರಿಯ ಗದ್ದಲ! ತಿಳಿಯದಿರುವುದು ಕೇಳುವವನ ಕೊರತೆಯಾಗಿದ್ದರೂ ಅದನ್ನು ಆಡುವವನ ಮೇಲೆ ಹೊರಿಸುವುದು ಲೋಕರೂಢಿ.

ಇದಕ್ಕೆ ನಮ್ಮ ಕನ್ನಡದ್ದೇ ಒಂದು ಸೊಗಸಾದ ಉದಾಹರಣೆಯಿದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಪಪೈರಸ್ ಹಾಳೆಗಳಲ್ಲಿ ಸುಮಾರು ಕ್ರಿ. ಶ. ಎರಡನೆಯ ಶತಮಾನದ ಗ್ರೀಕ್ ಪ್ರಹಸನವೊಂದಿದೆ. 1903ರಲ್ಲಿ ಅದು ಅಚ್ಚಾಯಿತು. ಚಾರಿಷನ್ ಎಂಬ ಗ್ರೀಕ್ ತರುಣಿ ಭಾರತದ ಕಡಲತೀರದಲ್ಲಿ ಸೆರೆಯಾಗಿದ್ದಾಳೆ. ಅವಳನ್ನು ಬಿಡಿಸಲು ಬಂದವರು ಅಲ್ಲಿನ ಅರಸನಿಗೂ ಅವನ ಪರಿವಾರಕ್ಕೂ ಮದ್ಯ ಕುಡಿಸಿ ಪಾರಾಗುತ್ತಾರೆ. ಅರಸನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಅದು ಪ್ರೇಕ್ಷಕರನ್ನು ನಗಿಸಲು ಕವಿ ಹುಟ್ಟಿಸಿದ ಅರ್ಥವಿಲ್ಲದ ಸದ್ದು ಎಂದು ಕೆಲವರೆಂದರು. ಜರ್ಮನಿಯ ಶಾಸನತಜ್ಞ ಹುಲ್ಷರು 1904ರಲ್ಲಿ, ಇದರಲ್ಲಿ ಕನ್ನಡದ ಮಾತುಗಳಿವೆ ಎಂದು ತೋರಿಸಲೆತ್ನಿಸಿದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಶಾಸ್ತ್ರಿಗಳೂ ಕನ್ನಡದ ಪಕ್ಷವನ್ನೇ ಹಿಡಿದರು. ವಿದ್ವಾಂಸರೆಲ್ಲರೂ ಇದನ್ನೊಪ್ಪಿಲ್ಲ, ಚರ್ಚೆ ಮುಗಿದಿಲ್ಲ. ನಮಗೆ ಬೇಕಾದ ಅಂಶ ಇಷ್ಟೆ: ಒಂದೇ ಸಾಲು ಒಬ್ಬರಿಗೆ ಕಲಕಲ, ಇನ್ನೊಬ್ಬರಿಗೆ ಮನೆಯ ಮಾತು. ನಡುವಿನ ಅಂತರವನ್ನು ದಾಟಿಸುವುದು ಕಲಿಕೆಯೊಂದೇ.

ಈ ಪ್ರಹಸನವನ್ನು ಕುರಿತು ಬರೆದವರಲ್ಲಿ ಮಂಜೇಶ್ವರದ ಗೋವಿಂದ ಪೈಗಳೂ ಒಬ್ಬರು. ಭಾಷಾಭ್ಯಾಸವನ್ನು ಹವ್ಯಾಸವಾಗಿ ಮಾಡಿದವರಿಗೆ ಪೈಗಳೇ (1883-1963) ಆದರ್ಶರು. ಮದ್ರಾಸಿನಲ್ಲಿ ಬಿ. ಎ. ಓದುತ್ತಿದ್ದಾಗ ತಂದೆ ತೀರಿಕೊಂಡದ್ದರಿಂದ ಪದವಿ ಪೂರ್ತಿಯಾಗಲಿಲ್ಲ. ವಿಶ್ವವಿದ್ಯಾಲಯದ ಪೀಠವಾಗಲಿ, ಭಾಷೆಗೊಬ್ಬ ಶಿಕ್ಷಕನಾಗಲಿ ಅವರಿಗಿರಲಿಲ್ಲ. ಮನೆಮಾತು ಕೊಂಕಣಿ, ಸುತ್ತ ತುಳು, ಮಲೆಯಾಳ, ಬರೆದದ್ದು ಕನ್ನಡದಲ್ಲಿ. ಅಷ್ಟಕ್ಕೆ ತೃಪ್ತರಾಗದೆ ಪುಸ್ತಕಗಳನ್ನು ತರಿಸಿಕೊಂಡು ಗ್ರೀಕ್, ಲ್ಯಾಟಿನ್, ಪಾಲಿ ಮೊದಲಾದ ಭಾಷೆಗಳಿಗೆ ಕೈಹಾಕಿದರು. ಅವರಿಗೆ 25ರಷ್ಟು ಭಾಷೆಗಳ ಪರಿಚಯವಿತ್ತೆಂದು ಅವರನ್ನು ಬಲ್ಲವರು ಬರೆದಿದ್ದಾರೆ. ಏಸುವಿನ ಕೊನೆಯ ದಿನವನ್ನು ಕುರಿತ 'ಗೊಲ್ಗೊಥಾ' ಅವರದೇ. ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದವರೂ ಅವರೇ. "ಇದರಿಂದ ಬರೋದೇನು?" ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಒಬ್ಬ ಗೃಹಸ್ಥನು ತನ್ನ ಮನೆಯಲ್ಲಿ ಕುಳಿತು ಮಾಡಿದ ಅಭ್ಯಾಸದಿಂದ ಇಡೀ ಕನ್ನಡದ ಮನೆಗೆ ಕಿಟಕಿಗಳಾದವು.

ಬೇರೆಯವರ ಭಾಷೆಯನ್ನು ಕಲಿಯುವ ಬದಲು ಎಲ್ಲರಿಗೂ ಸಮನಾದ ಒಂದು ಹೊಸ ಭಾಷೆಯನ್ನೇ ಕಟ್ಟಿದರಾಗದೆ? ಹೀಗೆ ಯೋಚಿಸಿದವರು ಜಾಮೆನ್‌ಹಾಫ್. ಇವರು ಹುಟ್ಟಿದ್ದು 1859ರಲ್ಲಿ ಬಿಯಾಲಿಸ್ಟೋಕ್ ಎಂಬ ಊರಿನಲ್ಲಿ. ಅಂದು ಅದು ರಷ್ಯದ ಆಳ್ವಿಕೆಯಲ್ಲಿತ್ತು, ಇಂದು ಪೋಲೆಂಡಿನಲ್ಲಿದೆ. ಆ ಊರಿನಲ್ಲಿ ಪೋಲರು, ರಷ್ಯನ್ನರು, ಜರ್ಮನ್ನರು, ಯಹೂದ್ಯರು ತಮ್ಮ ತಮ್ಮ ಭಾಷೆಯನ್ನಾಡುತ್ತ ಒಬ್ಬರನ್ನೊಬ್ಬರು ಹಗೆಗಣ್ಣಿನಿಂದ ನೋಡುತ್ತಿದ್ದರು. ಯಹೂದ್ಯರ ಹುಡುಗನಾದ ಜಾಮೆನ್‌ಹಾಫರಿಗೆ ಆ ಹಗೆ ಬೀದಿ ಬೀದಿಯಲ್ಲಿ ಕಂಡಿತು. ಶಾಲೆಯಲ್ಲಿದ್ದಾಗಲೇ ಹೊಸ ಭಾಷೆಯನ್ನು ಕಟ್ಟತೊಡಗಿ, ಮುಂದೆ ಕಣ್ಣಿನ ವೈದ್ಯರಾದ ಮೇಲೆ 1887ರಲ್ಲಿ ವಾರ್ಸಾದಲ್ಲಿ ಅದನ್ನು ಪ್ರಕಟಿಸಿದರು. ಪುಸ್ತಕದ ಮೇಲೆ ತಮ್ಮ ಹೆಸರನ್ನು ಹಾಕದೆ 'ಡಾಕ್ಟರ್ ಎಸ್ಪೆರಾಂಟೊ', ಎಂದರೆ ಆಶೆಯುಳ್ಳವನು, ಎಂದು ಹಾಕಿಕೊಂಡರು. ಆ ಹೆಸರೇ ಭಾಷೆಗೂ ನಿಂತಿತು.

ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಸುಮಾರು 4000 ಸೂತ್ರಗಳು. ಎಸ್ಪೆರಾಂಟೊ ವ್ಯಾಕರಣಕ್ಕೆ 16 ನಿಯಮಗಳು. ಪ್ರತ್ಯಯಗಳನ್ನು ಮಣಿಯಂತೆ ಪೋಣಿಸುವುದು ಕನ್ನಡಿಗರಿಗೆ ಹೊಸದಲ್ಲವಾದ್ದರಿಂದ ಅದರ ರಚನೆ ನಮಗೆ ಬೇಗ ಹಿಡಿಯುತ್ತದೆ. 'ಸಾನ್' ಎಂದರೆ ಆರೋಗ್ಯ. ಅದಕ್ಕೆ ಮೊದಲು 'ಮಲ್' ಬಂದರೆ ಅದರ ವಿರುದ್ಧ. 'ಉಲ್' ಸೇರಿದರೆ ಅಂತಹ ವ್ಯಕ್ತಿ. 'ಏಯ್' ಸೇರಿದರೆ ಸ್ಥಳ. ಕೊನೆಗೆ 'ಓ' ಬಂದರೆ ನಾಮಪದ. ಎಲ್ಲ ಕೂಡಿ 'ಮಲ್‌ಸಾನುಲೇಯೋ', ಎಂದರೆ ರೋಗಿಗಳ ಸ್ಥಳ, ಆಸ್ಪತ್ರೆ. ಬಳೆಗೆ 'ಗಾರ' ಹಚ್ಚಿ ಬಳೆಗಾರನನ್ನು ಮಾಡಿದ ನಮಗೆ ಇದೇನು ಕಷ್ಟ?

ಆದರೆ ಭಾಷೆಯೊಂದರಿಂದಲೇ ಹಗೆ ಅಳಿಯುತ್ತದೆಂದು ಹೇಳಲಾಗದು. ಜಾಮೆನ್‌ಹಾಫರು 1917ರಲ್ಲಿ ತೀರಿಕೊಂಡರು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅವರ ಮೂವರು ಮಕ್ಕಳೂ ನಾಜಿಗಳ ಕ್ರೌರ್ಯಕ್ಕೆ ಬಲಿಯಾದರು. ಕೊಂದವರಿಗೂ ಸತ್ತವರಿಗೂ ಒಂದು ಸಮಾನ ಭಾಷೆ ಬಂದಿದ್ದರೆ ಇದು ನಿಲ್ಲುತ್ತಿತ್ತೆ? ನಿಲ್ಲುತ್ತಿರಲಿಲ್ಲ. ಎದುರಿನವನ ಮಾತನ್ನು ಕೇಳುವ ಮನಸ್ಸು ಮೊದಲು ಬೇಕು, ಆಮೇಲೆ ವ್ಯಾಕರಣ.

ಈ ಮನಸ್ಸನ್ನು ಬೆಳೆಸಿಕೊಳ್ಳಲು ಪೋಲೆಂಡಿನವರೆಗೆ ಹೋಗಬೇಕಾಗಿಲ್ಲ. ನಮ್ಮ ಶಿಗ್ಗಾಂವಿ ತಾಲೂಕಿನ ಹುಲಗೂರನ್ನೇ ನೋಡಿ. ಈ ಊರಿನ ಹಜರೇಶ ಖಾದರಿಯವರ ಹರಕೆಯಿಂದ ಶಿಶುನಾಳ ಷರೀಫರು ಹುಟ್ಟಿದರೆಂದು ಜನ ನಂಬುತ್ತಾರೆ. ಷರೀಫರು (1819-1889) ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಕಳಸದ ಗೋವಿಂದಭಟ್ಟರ ಶಿಷ್ಯರು. ಇಂತಹ ಸೀಮೆಯಲ್ಲಿ ಒಂದು ಓಣಿಯಲ್ಲಿ ಕನ್ನಡ, ಮಗ್ಗುಲ ಓಣಿಯಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಆದರೂ ಪಕ್ಕದ ಮನೆಯ ಮಾತನ್ನು ಹತ್ತು ಶಬ್ದದಷ್ಟಾದರೂ ಬಲ್ಲವರು ಎಷ್ಟು ಮಂದಿ?

ನಮ್ಮ ಶಾಲೆಗೆ ತಾಂಡಾದಿಂದ ಒಬ್ಬ ಹುಡುಗಿ ಎಂಟನೆಯ ಇಯತ್ತೆಗೆ ಬಂದು ಸೇರಿದಳು. ತಮ್ಮನೊಡನೆ ಅವಳು ಲಂಬಾಣಿಯಲ್ಲಿ ಮಾತಾಡಿದಾಗಲೆಲ್ಲ ಕೆಲವು ಹುಡುಗರು ಬಾಹುಬಲಿ ಸಿನಿಮಾದ ಕಾಲಕೇಯರಂತೆ ನಾಲಿಗೆ ಲೊಚಗುಟ್ಟಿ ಅಣಕಿಸುವರು. 2015ರಲ್ಲಿ ತೆರೆಕಂಡ ಆ ಚಿತ್ರದ ಕಿಲಿಕಿ ಭಾಷೆಯನ್ನು ಕಟ್ಟಿದವರು ತಮಿಳಿನ ಮದನ್ ಕಾರ್ಕಿ. ಅವರು ಅದಕ್ಕೆ ಶಬ್ದಕೋಶ, ವ್ಯಾಕರಣಗಳನ್ನು ಮಾಡಿದ್ದಾರೆ. ಅದು ಬರಿಯ ಗದ್ದಲವಲ್ಲ. ಆದರೆ ಹುಡುಗರಿಗೆ ಕಿಲಿಕಿಯೂ ಒಂದೇ, ಆ ಹುಡುಗಿಯ ತಾಯಿಯ ಮಾತೂ ಒಂದೇ. ಹುಡುಗಿ ಶಾಲೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಎರಡು ಸಾವಿರ ವರ್ಷಗಳ ಹಿಂದಿನ ಗ್ರೀಕ್ ಪ್ರೇಕ್ಷಕರು ನಕ್ಕ ನಗೆಯೇ ಇದು.

ನಾನು ಯಾರನ್ನೂ ಗದರಿಸಲಿಲ್ಲ. ವ್ಯಾಕರಣದ ತಾಸಿನಲ್ಲಿ ಬೋರ್ಡಿನ ಮೇಲೆ ಗೆರೆ ಎಳೆದು, ಮನೆಯಲ್ಲಿ ಆಡುವ ಮಾತುಗಳನ್ನು ಹೇಳಿರೆಂದೆ. ಅವ್ವ, ಅಮ್ಮಿ, ಯಾಡಿ. ರೊಟ್ಟಿ, ರೋಟಿ, ಬಾಟಿ. ನೀರು, ಪಾನಿ, ಪಾಣಿ. ಯಾಡಿ, ಬಾಟಿ, ಪಾಣಿಗಳನ್ನು ಹೇಳಿಕೊಟ್ಟವಳು ಆ ಹುಡುಗಿ. ಪಾನಿಗೂ ಪಾಣಿಗೂ ಸಂಸ್ಕೃತದ ಪಾನೀಯಕ್ಕೂ ನಂಟಿದೆ ಎಂದಾಗ ಹುಡುಗರು ಬೋರ್ಡನ್ನು ಹೊಸದಾಗಿ ನೋಡಿದರು. "ಅಕ್ಕೋರ ಹಂಗ ಹೇಳಿಕೊಟ್ಲರೀ ಸರ್" ಎಂದು ಒಬ್ಬನೆಂದ. ಅವಳ ಕನ್ನಡ ಒಂದೇ ದಿನದಲ್ಲಿ ತಿದ್ದಲಿಲ್ಲ. ಆದರೆ ತಪ್ಪಾದರೂ ಚಿಂತೆಯಿಲ್ಲವೆಂದು ಅವಳು ಮಾತಾಡತೊಡಗಿದಳು. ಮಾತಾಡಿದ ಮೇಲೆ ತಿದ್ದುವುದು ಮಾಸ್ತರರ ಕೆಲಸ.

ಆದ್ದರಿಂದ ಮಕ್ಕಳು ಹೊಸ ಭಾಷೆಯನ್ನು ಕಟ್ಟುತ್ತಿದ್ದರೆ ತಂದೆ ತಾಯಿಗಳು ತಡೆಯಬಾರದು. ಹಾಗೆ ಕಟ್ಟುವ ಹುಡುಗ, ಯಾರೂ ಹೇಳಿಕೊಡದೆಯೇ, ನಾಮಪದವೆಂದರೇನು, ಕಾಲವೆಂದರೇನು ಎಂದು ಕೇಳಿಕೊಳ್ಳುತ್ತಾನೆ. ಆದರೆ ಆ ಭಾಷೆ ಯಾರನ್ನು ಹೊರಗಿಡುತ್ತದೆಂಬುದನ್ನು ಮಾತ್ರ ಗಮನಿಸಬೇಕು. ಗೆಳೆಯರ ಗುಟ್ಟಿಗೆ 'ಕ' ಭಾಷೆ ಇರಲಿ; ಅದರ ಜೊತೆಗೆ ಒಬ್ಬರ ನಿಜವಾದ ಮಾತನ್ನು ಕಲಿಯುವ ಹವ್ಯಾಸವೂ ಇರಲಿ.

ದೊಡ್ಡವರಿಗೂ ಇದು ಕಷ್ಟದ್ದಲ್ಲ. ಒಂದು ಚಿಕ್ಕ ನೋಟುಬುಕ್ಕು, ದಿನಕ್ಕೆ ಐದು ಶಬ್ದ, ವಾರಕ್ಕೊಮ್ಮೆ ಆ ಭಾಷೆಯವರೊಡನೆ ಹತ್ತು ನಿಮಿಷ ಮಾತು. ಇಂದು ರೇಡಿಯೋ ಅಷ್ಟೇ ಅಲ್ಲ, ಕೈಯೊಳಗಿನ ಫೋನೂ ಜಗತ್ತಿನ ಎಷ್ಟೋ ಭಾಷೆಗಳ ಉಚ್ಚಾರವನ್ನು ಕೇಳಿಸುತ್ತದೆ. ಗ್ರೀಕ್ ಬೇಕಾದವರು ಗ್ರೀಕನ್ನು, ಎಸ್ಪೆರಾಂಟೊ ಬೇಕಾದವರು ಎಸ್ಪೆರಾಂಟೊವನ್ನು ಕಲಿಯಲಿ. ಎಲ್ಲಿಂದ ಆರಂಭಿಸುವುದೆಂದು ತಿಳಿಯದವರು ಹಾಲು ತರುವವರನ್ನೋ, ಪಕ್ಕದ ಮನೆಯ ಅಜ್ಜಿಯನ್ನೋ, "ನಿಮ್ಮ ಮಾತಿನಾಗ ಇದಕ್ಕ ಏನಂತೀರಿ?" ಎಂದು ಕೇಳಲಿ. ಅವರು ಮೊದಲು ನಗುತ್ತಾರೆ, ಆಮೇಲೆ ಹೇಳುತ್ತಾರೆ, ಮರುದಿನ ಅವರೇ ಇನ್ನೊಂದು ಶಬ್ದವನ್ನು ತಂದು ಕೊಡುತ್ತಾರೆ.