ನೀರು ಬಂದ ಊರಿನಲ್ಲಿ ಬಡತನದ ಲೆಕ್ಕ

(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಈ ಸಂತಸದ ಸಮಯದಲ್ಲಿ ಬಡತನದ ಮಾತೇಕೆ ಎಂದು ತಾವು ಕೇಳಬಹುದು. ನೂರು ವರ್ಷಗಳಲ್ಲಿ ಎಷ್ಟು ಬೆಳೆದೆವು ಎಂದು ಎಣಿಸುವ ದಿನವೇ, ಆ ಬೆಳವಣಿಗೆ ಯಾರ ಹೊಸ್ತಿಲನ್ನು ಮುಟ್ಟಲಿಲ್ಲ ಎಂದು ಕೇಳುವುದೂ ಯುಕ್ತವಾದುದು. ಅರ್ಥಶಾಸ್ತ್ರದ ಸಂಶೋಧನೆ ಬಡವರಿಗೆ ಸಲ್ಲಿಸಬಲ್ಲ ಮೊದಲ ಸೇವೆಯೂ ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಆಗಿದೆ.

ಇದಕ್ಕೆ ನಿದರ್ಶನ ನಮ್ಮ ನೆರೆಯ ಮಂಡ್ಯ ಜಿಲ್ಲೆಯಲ್ಲಿಯೇ ಇದೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1954ರಿಂದ 1956ರವರೆಗೆ ಅಲ್ಲಿಯ ಎರಡು ಹಳ್ಳಿಗಳನ್ನು ಅಭ್ಯಸಿಸಿದರು. ಅವುಗಳ ನಿಜನಾಮವನ್ನು ಮರೆಮಾಡಿ ವಾಂಗಲ, ದಲೇನ ಎಂದು ಕರೆದರು. ಕನ್ನಂಬಾಡಿಯ ನಾಲೆಯ ನೀರು ವಾಂಗಲಕ್ಕೆ ಹರಿದಿತ್ತು. ದಲೇನದ ಭೂಮಿ ಖುಷ್ಕಿಯಾಗಿಯೇ ಉಳಿದಿತ್ತು.

ವಾಂಗಲದ ರೈತರು ಕಬ್ಬು ಬೆಳೆದು ಸ್ಥಿತಿವಂತರಾದರು. ಆದರೆ ಅವರನ್ನು ವಂಶಪಾರಂಪರ್ಯವಾಗಿ ಆಶ್ರಯಿಸಿದ್ದ ಕೂಲಿಕಾರರಿಗೆ ಸಿಗುತ್ತಿದ್ದುದು ವರ್ಷಕ್ಕೆ ಇಷ್ಟೆಂದು ಗೊತ್ತುಮಾಡಿದ ಧಾನ್ಯ. ಬರಗಾಲದಲ್ಲಿ ಆ ಪದ್ಧತಿ ಬಡವನ ಜೀವ ಉಳಿಸುತ್ತಿತ್ತು. ಬೆಳೆ ಹುಲುಸಾದಾಗ ಹೆಚ್ಚುವರಿಯೆಲ್ಲ ಭೂಮಿಯೊಡೆಯನ ಕಣಜಕ್ಕೇ ಸೇರುತ್ತಿತ್ತು. ನಾಲೆಯ ನೀರು ಗದ್ದೆಗೆ ಬಂದರೂ ಹಳೆಯ ಪದ್ಧತಿ ಹಾಗೆಯೇ ನಿಂತಿತು.

ನೀರು ಕಾಣದ ದಲೇನದವರು ಮಂಡ್ಯದಲ್ಲಿ ನೌಕರಿ, ವ್ಯಾಪಾರಗಳನ್ನು ಅರಸಿ ಹೊರಟರು. ಅಲ್ಲಿ ಹಳೆಯ ಕಟ್ಟು ಸಡಿಲಿತು. ಆದರೆ ಕೆಟ್ಟ ಕಾಲದಲ್ಲಿ ಒಡೆಯನಿಂದ ಕಾಳು ದೊರೆಯುವ ಭರವಸೆಯೂ ಅದರೊಡನೆ ಹೋಯಿತು. ಎಪ್‌ಸ್ಟೈನ್ 1970ರಲ್ಲಿ ಮರಳಿ ಬಂದು ನೋಡಿದಾಗ ಊರುಗಳ ಒಟ್ಟು ಸಂಪತ್ತು ಹೆಚ್ಚಿತ್ತು. ಬಡವ ಬಲ್ಲಿದರ ಅಂತರವೂ ಹಿಗ್ಗಿತ್ತು. ಇಡೀ ಊರಿನ ಸರಾಸರಿಯನ್ನು ಮಾತ್ರ ನೋಡಿದವನಿಗೆ ಈ ಅಂತರ ಕಾಣುತ್ತಿರಲಿಲ್ಲ. ಮನೆಮನೆಯ ಆದಾಯ, ಖರ್ಚು, ಹಿಡುವಳಿಗಳನ್ನು ಬರೆದುಕೊಂಡವರಿಗೆ ಅದು ಕಂಡಿತು.

ಇಂತಹ ಲೆಕ್ಕ ಗ್ರಂಥಾಲಯದ ಕಪಾಟಿನಲ್ಲಿಯೇ ಉಳಿಯಬೇಕೆಂದೇನೂ ಇಲ್ಲ. ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಸಮಿತಿ 2002ರಲ್ಲಿ ಸಲ್ಲಿಸಿದ ವರದಿ ರಾಜ್ಯದ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆಯಿತು. 114 ತಾಲ್ಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಹೆಸರು ಹೇಳಿ ತೋರಿಸಿತು. ಬಡತನವೆಂದರೆ ಉತ್ತರ ಕರ್ನಾಟಕ ಮಾತ್ರ ಎಂದುಕೊಂಡಿದ್ದವರಿಗೆ ಆ 114ರಲ್ಲಿ 55 ದಕ್ಷಿಣ ಭಾಗದಲ್ಲಿಯೇ ಇರುವುದು ತಿಳಿಯಿತು. ಆ ವರದಿಯ ಆಧಾರದ ಮೇಲೆಯೇ 2007-08ರಿಂದ ವಿಶೇಷ ಅಭಿವೃದ್ಧಿ ಯೋಜನೆ ಆರಂಭವಾಯಿತು. ಎಲ್ಲಿ ಕೊರತೆಯಿದೆ ಎಂದು ಗೊತ್ತಾದ ಮೇಲೆಯೇ ಹಣವನ್ನು ಅಲ್ಲಿಗೆ ಕಳುಹಿಸಲು ಸಾಧ್ಯ.

ಆದರೆ ತಾಲ್ಲೂಕಿನ ಲೆಕ್ಕ ತಾಲ್ಲೂಕಿಗೇ ನಿಲ್ಲುತ್ತದೆ. ಮುಂದುವರಿದ ತಾಲ್ಲೂಕಿನಲ್ಲಿಯೂ ಒಲೆ ಹೊತ್ತದ ಮನೆ ಇರಬಹುದು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟಿನ ನಾಲೆ ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಹಾದು, ಬಾಗೂರು–ನವಿಲೆ ಸುರಂಗದ ಮೂಲಕ ತುಮಕೂರಿನ ಕಡೆಗೆ ಸಾಗುತ್ತದೆ. ಶ್ರವಣಬೆಳಗೊಳದ ಮಗ್ಗುಲಿನ ಜಿನನಾಥಪುರವಿರಲಿ, ಸುತ್ತಣ ಯಾವ ಹಳ್ಳಿಯೇ ಇರಲಿ, ನೀರು ಎಷ್ಟು ಎಕರೆಗೆ ಬಂತು ಎಂಬ ಪ್ರಶ್ನೆಯೊಂದೇ ಸಾಲದು. ಆ ಎಕರೆಗಳು ಯಾರವು? ನಾಟಿ ಮಾಡುವ ಹೆಣ್ಣುಮಗಳಿಗೆ ವರ್ಷದಲ್ಲಿ ಎಷ್ಟು ದಿನ ಕೆಲಸ, ದಿನಕ್ಕೆ ಎಷ್ಟು ಕೂಲಿ? ಕಾಯಿಲೆ ಬಿದ್ದವನು ಯಾವ ಬಡ್ಡಿಗೆ ಸಾಲ ತಂದ? ಯಾವ ಮನೆಯ ಮಗು ಶಾಲೆ ಬಿಟ್ಟಿತು?

ಈ ಪ್ರಶ್ನೆಗಳನ್ನು ಕೇಳಲು ವಿಶ್ವವಿದ್ಯಾನಿಲಯದ ಪದವಿ ಬೇಕಿಲ್ಲ. ನಮ್ಮ ವಿದ್ಯಾವಂತ ಯುವಕ ಯುವತಿಯರು ಒಂದು ನೋಟ್‌ಬುಕ್ಕು ಹಿಡಿದು, ಜಾತಿ ಮತಗಳ ಭೇದವೆಣಿಸದೆ, ಮನೆಮನೆಗೆ ಹೋಗಿ ಕೇಳಬಲ್ಲರು. ಮನೆಯವರ ಒಪ್ಪಿಗೆ ಪಡೆಯಲಿ, ಅವರ ಕಷ್ಟವನ್ನು ಬೀದಿಯ ಮಾತಾಗಿಸದಿರಲಿ. ಹೀಗೆ ಕೂಡಿದ ಉತ್ತರಗಳನ್ನು ಹೆಸರಿಲ್ಲದೆ ಗ್ರಾಮಸಭೆಯ ಮುಂದಿಟ್ಟು, ಅಲ್ಲಿ ಆದ ತೀರ್ಮಾನ ನಡೆಯಿತೇ ಎಂದು ಮರುವರ್ಷ ಮತ್ತೆ ಎಣಿಸಲಿ. ಬಡವರ ಮೇಲಿನ ಕನಿಕರ ನಮ್ಮಲ್ಲಿ ಹಿಂದೆಯೂ ಇತ್ತು, ಇಂದೂ ಇದೆ. ಆ ಕನಿಕರ ಸರಿಯಾದ ಬಾಗಿಲನ್ನು ತಟ್ಟಬೇಕಾದರೆ ಅದರ ಕೈಯಲ್ಲಿ ಸರಿಯಾದ ಲೆಕ್ಕವಿರಬೇಕು.